ಐರ್ಲೆಂಡಿನ ಹಾಡು, ನಮ್ಮ ಕಾಕಾನ ದನಿ

ಡಿಸೆಂಬರ್ ತಿಂಗಳು ಬಂತೆಂದರೆ ನಮ್ಮ ನಾರಾಯಣಪೇಟೆಯಲ್ಲಿ ಬೆಳಗಿನ ಚಳಿಗೆ ಮಗ್ಗದ ಸದ್ದು ಕೂಡ ಸ್ವಲ್ಪ ತಡವಾಗಿ ಏಳುತ್ತದೆ. ಆಗಮನ ಕಾಲದ ಮೊದಲ ಭಾನುವಾರ ಕಳೆಯುತ್ತಿದ್ದಂತೆ ನಮ್ಮ ಮನೆಯ ಪಡಸಾಲೆಯಲ್ಲಿ ಹಾರ್ಮೋನಿಯಂ ಪೆಟ್ಟಿಗೆಯ ಧೂಳು ಒರೆಸುವ ಕೆಲಸ ಶುರುವಾಗುತ್ತದೆ. 1986ರಲ್ಲಿ ನಾನು ಈ ಊರಿಗೆ ಶಾಲಾ ಮಾಸ್ತರನಾಗಿ ಬಂದ ವರ್ಷದಿಂದ ನಡೆದುಬಂದ ಪದ್ಧತಿ ಇದು. ಮೂರು ರಾತ್ರಿ, ಮೂರು ಊರು. ಮೊದಲ ರಾತ್ರಿ ನಾರಾಯಣಪೇಟೆ, ಎರಡನೆಯ ರಾತ್ರಿ ಮಕ್ತಲ್ ಮತ್ತು ಕೃಷ್ಣಾ ಸ್ಟೇಷನ್ ಕಡೆಯ ಹಳ್ಳಿಗಳು, ಮೂರನೆಯ ರಾತ್ರಿ ಗದ್ವಾಲ. ಮನೆಮನೆಗೆ ಹೋಗಿ ಬಾಲಯೇಸುವಿನ ಜನನದ ಹಾಡು ಹಾಡಿ, ಒಂದು ಪ್ರಾರ್ಥನೆ ಹೇಳಿ, ಕೊಟ್ಟದ್ದನ್ನು ತಿಂದು, ಮುಂದಿನ ಮನೆಗೆ ಹೊರಡುವುದು.

ನಮ್ಮ ಭಾಗದ ಪರಿಚಯವಿಲ್ಲದ ಓದುಗರಿಗೆ ಎರಡು ಮಾತು ಹೇಳಬೇಕು. ಈ ಮೂರೂ ಊರುಗಳು ಇಂದು ತೆಲಂಗಾಣದಲ್ಲಿವೆ. ಗದ್ವಾಲ ಮೊದಲು ರಾಯಚೂರು ಜಿಲ್ಲೆಯ ತಾಲ್ಲೂಕು ಆಗಿತ್ತು. 1956ರ ನವೆಂಬರ್ 1ರಂದು ರಾಜ್ಯಗಳು ಬೇರೆಯಾದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು, ಗದ್ವಾಲ ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಬಂತು. 2016ರಲ್ಲಿ ಗದ್ವಾಲ, 2019ರಲ್ಲಿ ನಾರಾಯಣಪೇಟೆ ತಾವೇ ಜಿಲ್ಲೆಗಳಾದವು. ಗೆರೆ ಎಲ್ಲಿ ಎಳೆದರೂ ಮನೆಯೊಳಗಿನ ಮಾತು ಬದಲಾಗಲಿಲ್ಲ. ನಮ್ಮಲ್ಲಿ ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳುತ್ತವೆ. ಆದ್ದರಿಂದ ನಮ್ಮ ಗಾನವೃಂದದ ಹಾಡಿನ ಪುಸ್ತಕಕ್ಕೂ ಎರಡು ಭಾಗ. ಬಾಗಿಲು ತೆರೆದವರು ಯಾವ ಭಾಷೆಯಲ್ಲಿ "ಬರ್ರಿ" ಅಥವಾ "ರಂಡಿ" ಅನ್ನುತ್ತಾರೋ ಆ ಭಾಗ ತೆರೆಯುವುದು.

ಕಥೋಲಿಕ ಕುಟುಂಬಗಳು ಇಲ್ಲಿ ಬೆರಳೆಣಿಕೆಯಷ್ಟು. ಗುರುಗಳು ದೂರದಿಂದ ಬಂದು ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಬಲಿಪೂಜೆ ಅರ್ಪಿಸುತ್ತಿದ್ದ ಕಾಲವನ್ನು ನಾನು ಕಂಡಿದ್ದೇನೆ. ಮಹಬೂಬನಗರ, ಗದ್ವಾಲ ಕಡೆ ಮೆನೊನೈಟ್ ಬ್ರದರನ್ ಸಭೆಗಳು ಹಿಂದಿನಿಂದಲೂ ಇವೆ. ಕ್ರಿಸ್ಮಸ್ ಹಾಡಿನ ರಾತ್ರಿ ನಾವು ಅವರ ಬಾಗಿಲಿಗೂ ಹೋಗುತ್ತೇವೆ, ಅವರು ನಮ್ಮ ಬಾಗಿಲಿಗೂ ಬರುತ್ತಾರೆ.

ಮೊದಮೊದಲು ಮಕ್ತಲಿನಿಂದ ಗದ್ವಾಲಕ್ಕೆ ಹೋಗಬೇಕಾದರೆ ಕೃಷ್ಣಾ ನದಿಯ ಹಳೆಯ ಸೇತುವೆ ದಾಟಿ, ರಾಯಚೂರು ಸುತ್ತಿ ಹೋಗುತ್ತಿದ್ದೆವು. ಜುರಾಲ ಅಣೆಕಟ್ಟು ಆದ ಮೇಲೆ ಅದರ ಮೇಲಿನ ರಸ್ತೆಯಲ್ಲೇ ಟೆಂಪೋ ಓಡಿತು. ಚಳಿಗಾಳಿಗೆ ಎಲ್ಲರೂ ಶಾಲು ಹೊದ್ದು, ತಬಲಾಕ್ಕೂ ಒಂದು ಶಾಲು ಹೊದಿಸಿ ಕೂರುತ್ತಿದ್ದೆವು.

ಈ ಗುಂಪಿನಲ್ಲಿ ಮೊದಲ ದಿನದಿಂದಲೂ ಇದ್ದವನು ನಮ್ಮ ಕಾಕಾ. ನನಗೆ ಸ್ವಂತ ಕಾಕಾ ಅಲ್ಲ, ಊರಿಗೆಲ್ಲ ಕಾಕಾ. ನೇಕಾರ. ದಿನವಿಡೀ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕುಳಿತು ಲಾಳಿ ಎಸೆದವನು ರಾತ್ರಿ ಬಂದು ಹಾಡುತ್ತಿದ್ದ. ದನಿ ಗಡಸು. ಅವನ ಪಾಲಿಗೆ ಒಂದು ಹಾಡು ಮೀಸಲು. ಬೆತ್ಲೆಹೇಮಿನ ದಾರಿಯಲ್ಲಿ ಜೋಸೆಫರು ಮನೆಮನೆಯ ಬಾಗಿಲು ತಟ್ಟಿದ್ದನ್ನು ಹೇಳುವ ಒಂದು ಹಳೆಯ ಕನ್ನಡ ಹಾಡು ಅದು. ಅದರ ಎರಡನೆಯ ಸಾಲಿನಲ್ಲಿ ರಾಗ ಮೇಲಕ್ಕೆ ಏರಬೇಕು, ಕಾಕಾ ಅಲ್ಲಿ ಕೆಳಕ್ಕೆ ಇಳಿಯುತ್ತಿದ್ದ. ಇಪ್ಪತ್ತೈದು ವರ್ಷ ಅವನು ತಪ್ಪಿದ, ಇಪ್ಪತ್ತೈದು ವರ್ಷ ನನ್ನ ಹಾರ್ಮೋನಿಯಂ ಅವನ ಹಿಂದೆ ಇಳಿಯಿತು.

ಈಗ ಐರ್ಲೆಂಡಿನ ಕಥೆಗೆ ಬರುತ್ತೇನೆ.

ನನ್ನ ಅಕ್ಕನ ಮಗಳು ಐರ್ಲೆಂಡಿನ ವೆಕ್ಸ್‌ಫರ್ಡ್ ಕಡೆ ನರ್ಸ್. 2011ರ ಬೇಸಿಗೆಯಲ್ಲಿ ರಜೆಗೆ ಬಂದವಳು ನನಗೆಂದು ಎರಡು ಡಿವಿಡಿ ತಂದಳು. "ಮಾಮಾ, ನೀವು ಹಾಡಿನವರು, ಇದನ್ನ ನೋಡ್ರಿ" ಅಂದಳು.

ಒಂದು 'ಸೆಲ್ಟಿಕ್ ವುಮನ್' ಎಂಬ ಗಾಯಕಿಯರ ತಂಡದ್ದು. 2004ರಲ್ಲಿ ಡಬ್ಲಿನ್ ನಗರದ ಹೀಲಿಕ್ಸ್ ಸಭಾಂಗಣದಲ್ಲಿ ಮೊದಲ ಕಾರ್ಯಕ್ರಮ ಕೊಟ್ಟ ಈ ತಂಡ, 2006ರಲ್ಲಿ ಕ್ರಿಸ್ಮಸ್ ಹಾಡುಗಳದ್ದೇ ಒಂದು ಸಂಪುಟ ಹೊರತಂದಿತು. ನಾಲ್ವರು ಗಾಯಕಿಯರು, ಪಿಟೀಲು ನುಡಿಸುವ ಇನ್ನೊಬ್ಬಾಕೆ. ಒಬ್ಬಳು ಹಾಡಿನ ಮೂಲ ರಾಗ ಹಿಡಿದರೆ ಇನ್ನೊಬ್ಬಳ ದನಿ ಅದರ ಮೇಲೆ, ಮತ್ತೊಬ್ಬಳದು ಕೆಳಗೆ ಹೋಗುತ್ತದೆ. ಹಾಗೆ ಬೇರೆ ಬೇರೆ ಹೋದರೂ ಎಲ್ಲಿಯೂ ಒಂದಕ್ಕೊಂದು ತಾಕುವುದಿಲ್ಲ. ಇಂಥ ತಂಡಗಳಿಗೆ ಅಮೆರಿಕದಲ್ಲಿ ಬಹಳ ಬೇಡಿಕೆ. ಹಿಂದೆಂದೋ ಐರ್ಲೆಂಡ್ ಬಿಟ್ಟು ಹೋದವರ ಮೊಮ್ಮಕ್ಕಳು ಅಲ್ಲಿ ಲಕ್ಷಗಟ್ಟಲೆ ಇದ್ದಾರಲ್ಲ! ಡಿಸೆಂಬರ್ ಬಂದರೆ ನಗರದಿಂದ ನಗರಕ್ಕೆ ಕ್ರಿಸ್ಮಸ್ ಕಾರ್ಯಕ್ರಮ ಕೊಡುತ್ತ ಹೋಗುತ್ತಾರೆ.

ಇನ್ನೊಂದು ಡಿವಿಡಿ ನನಗೆ ಇನ್ನೂ ಹಿಡಿಸಿತು. ಅದರಲ್ಲಿ ಹಾಡುವವರು ಮೂವರು ಕಥೋಲಿಕ ಗುರುಗಳು. ತಂಡದ ಹೆಸರೇ 'ದಿ ಪ್ರೀಸ್ಟ್ಸ್'. ಫಾದರ್ ಯೂಜೀನ್ ಒ'ಹೇಗನ್, ಅವರ ಒಡಹುಟ್ಟಿದ ಫಾದರ್ ಮಾರ್ಟಿನ್ ಒ'ಹೇಗನ್, ಫಾದರ್ ಡೇವಿಡ್ ಡಿಲಾರ್ಗಿ. ಉತ್ತರ ಐರ್ಲೆಂಡಿನ ಡೌನ್ ಅಂಡ್ ಕಾನರ್ ಧರ್ಮಕ್ಷೇತ್ರದವರು. ಶಾಲೆಯ ಕಾಲದಿಂದ ಜೊತೆಯಾಗಿ ಹಾಡಿದವರು. 2008ರಲ್ಲಿ ಅವರ ಮೊದಲ ಸಂಪುಟ ಬಂದಾಗ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ದೊಡ್ಡ ಕಂಪನಿಯೊಂದಿಗೆ ಕರಾರು ಮಾಡಿಕೊಳ್ಳುವಾಗಲೂ ಅವರು ಒಂದು ಷರತ್ತು ಹಾಕಿದ್ದರಂತೆ. ತಮ್ಮ ಧರ್ಮಕೇಂದ್ರದ ಕೆಲಸ ಮೊದಲು, ಹಾಡು ನಂತರ. ಅರ್ಮಾ ನಗರದ ಪ್ರಧಾನಾಲಯದಲ್ಲಿ ಅವರು ಹಾಡಿದ್ದನ್ನು ನಾನು ಆ ಬೇಸಿಗೆಯಲ್ಲಿ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಕರೆಂಟು ಹೋದರೆ ಮನಸ್ಸಿನಲ್ಲೇ ಕೇಳುತ್ತಿದ್ದೆ.

ಒಳ್ಳೆಯ ಹಾಡು ಕೇಳಿದರೆ ಮನುಷ್ಯ ವಿನಯ ಕಲಿಯಬೇಕು. ನಾನು ಕಲಿತದ್ದು ನಾಚಿಕೆ. ನಮ್ಮ ಗುಂಪಿನ ದನಿಗಳು ನನಗೆ ಕರ್ಕಶವಾಗಿ ಕೇಳತೊಡಗಿದವು. ಆ ವರ್ಷದ ನವೆಂಬರಿನಲ್ಲೇ ತಾಲೀಮು ಇಟ್ಟೆ. ಹುಡುಗರನ್ನು ಗದರಿದೆ. "ಹಿಂಗ ಹಾಡೋದಕ್ಕಿಂತ ಸುಮ್ಮನಿರೋದು ಪಾಡು" ಎಂದೆ. ಕೊನೆಗೊಂದು ದಿನ ಎಲ್ಲರೆದುರಿಗೆ ಕಾಕಾನ ಹಾಡು ಅರ್ಧಕ್ಕೆ ನಿಲ್ಲಿಸಿ, "ಕಾಕಾ, ಈ ಸಲ ನೀ ಬರೇ ಬಾಯಿ ಆಡಿಸು. ದನಿ ತೆಗೀಬ್ಯಾಡ" ಎಂದುಬಿಟ್ಟೆ.

ಪಡಸಾಲೆಯಲ್ಲಿ ಯಾರೂ ಮಾತಾಡಲಿಲ್ಲ. ಕಾಕಾ ನಕ್ಕ. "ಆಯ್ತು ಮಾಸ್ತರ" ಎಂದ. ಹೆಗಲ ಮೇಲಿನ ಟವೆಲ್ ಕೊಡವಿ, ಚಪ್ಪಲಿ ಮೆಟ್ಟಿ ಹೋದ. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾನೂ ಕರೆಯಲು ಹೋಗಲಿಲ್ಲ. ನಿಜ ಹೇಳಬೇಕೆಂದರೆ, ಒಳಗೊಳಗೆ ಹಗುರವೇ ಆಯಿತು.

ಕಾಕಾ ಬಿಟ್ಟಮೇಲೆ ಇನ್ನಿಬ್ಬರು ಬಿಟ್ಟರು. ಉಳಿದ ಹುಡುಗರು ಹೆದರಿಕೊಂಡು ಹಾಡುತ್ತಿದ್ದರು, ಹೆದರಿದ ದನಿ ಎಲ್ಲಿ ಏಳುತ್ತದೆ? ಕ್ರಿಸ್ಮಸ್ ಹತ್ತಿರವಾದಾಗ ನನಗೆ ಒಂದು ಉಪಾಯ ಹೊಳೆಯಿತು. ಟೆಂಪೋಕ್ಕೆ ಎರಡು ಸ್ಪೀಕರ್ ಕಟ್ಟಿಸಿದೆ. ಪ್ರತಿ ಮನೆಯ ಮುಂದೆ ಮೊದಲು ಐರ್ಲೆಂಡಿನ ಹಾಡು ಹಾಕುವುದು, ಆಮೇಲೆ ನಮ್ಮದೊಂದು ಹಾಡು ಚುಟುಕಾಗಿ ಮುಗಿಸುವುದು. ಜನ ಇಂಥ ಸಂಗೀತ ಎಂದಾದರೂ ಕೇಳಿದ್ದಾರೆಯೇ, ಕೇಳಲಿ ಎಂದುಕೊಂಡೆ.

ನಾರಾಯಣಪೇಟೆಯಲ್ಲಿ ಜನ ಹೊರಗೆ ಬಂದು ಕೈಕಟ್ಟಿ ನಿಂತು ಕೇಳಿದರು. "ಚಲೋ ಅದ" ಎಂದರು. ಪ್ರತಿ ವರ್ಷ ನಮ್ಮ ಜೊತೆ ಚಪ್ಪಾಳೆ ತಟ್ಟಿ ಹಾಡುತ್ತಿದ್ದ ಮಕ್ಕಳು ಸ್ಪೀಕರಿನ ಜಾಲರಿಯೊಳಗೆ ಬೆರಳು ತೂರಿಸುತ್ತ ನಿಂತರು. ಮಕ್ತಲಿನಲ್ಲಿ ಒಬ್ಬ ಪೋರ, "ಇದು ಯಾವ ಭಾಷಾ ಅಂಕಲ್?" ಎಂದು ತೆಲುಗಿನಲ್ಲಿ ಕೇಳಿದ. ಇಂಗ್ಲಿಷ್ ಎಂದೆ. ನಡುವೆ ಒಂದು ಹಾಡು ಐರಿಷ್ ಭಾಷೆಯಲ್ಲಿ ಬಂತು. "ಇದೂ ಇಂಗ್ಲಿಷೇನಾ?" ಎಂದ. ನನಗೆ ಉತ್ತರಿಸಲು ಪುರುಸೊತ್ತಿರಲಿಲ್ಲ.

ಆ ರಾತ್ರಿ ಹನ್ನೊಂದರ ಸುಮಾರಿಗೆ ಕೃಷ್ಣಾ ಸ್ಟೇಷನ್ ಕಡೆಯ ಒಂದು ಹಳ್ಳಿ ಮುಟ್ಟಿದೆವು. ಅಲ್ಲೊಬ್ಬ ಅಜ್ಜಿ. ಎರಡೂ ಕಣ್ಣಿಗೆ ಪೊರೆ ಬಂದು ದೃಷ್ಟಿ ಹೋಗಿತ್ತು. ಅವಳ ಗಂಡ ಮೊದಲು ನಮ್ಮ ಗುಂಪಿನಲ್ಲಿದ್ದವನು. ಕಾಕಾ ಮತ್ತು ಅವನು ಜೋಡಿಯಾಗಿ ಆ ಬಾಗಿಲು ತಟ್ಟುವ ಹಾಡು ಹಾಡುತ್ತಿದ್ದರು. ಅವನು ತೀರಿಕೊಂಡ ಮೇಲೆ ಕಾಕಾ ಒಬ್ಬನೇ ಅವಳ ಬಾಗಿಲಲ್ಲಿ ನಿಂತು ಹಾಡುತ್ತಿದ್ದ. ಹಾಡು ಶುರುವಾಗುವ ತನಕ ಅವಳು ಬಾಗಿಲು ತೆರೆಯುತ್ತಿರಲಿಲ್ಲ. ಒಳಗೆ ಅಗುಳಿಯ ಮೇಲೆ ಕೈ ಇಟ್ಟುಕೊಂಡು ಕೇಳುತ್ತ ನಿಂತಿರುತ್ತಿದ್ದಳಂತೆ. ಎರಡನೆಯ ಸಾಲು ಮುಗಿದ ಮೇಲೆ ಅಗುಳಿ ತೆಗೆದ ಸದ್ದು ಬರುತ್ತಿತ್ತು. ಇದು ಅವರಿಬ್ಬರ ನಡುವಿನ ಕಟ್ಟಳೆ.

ಆ ರಾತ್ರಿ ನಾವು ಸ್ಪೀಕರ್ ಹಾಕಿದೆವು. ಮೂವರು ಗುರುಗಳ ಹಾಡು ಬೀದಿ ತುಂಬಿತು. ಒಂದು ಹಾಡು ಮುಗಿಯಿತು. ಬಾಗಿಲು ತೆರೆಯಲಿಲ್ಲ. ಎರಡನೆಯದು ಹಾಕಿದೆವು. ತೆರೆಯಲಿಲ್ಲ. ಮಲಗಿದ್ದಾಳೆಂದು ಹೊರಡಲು ತಿರುಗಿದಾಗ ಹುಡುಗನೊಬ್ಬ ಬಾಗಿಲು ಬಡಿದ. ಅಗುಳಿ ತಟ್ಟನೆ ತೆರೆಯಿತು. ಅವಳು ಅಲ್ಲೇ ನಿಂತಿದ್ದಳು.

"ಮಾಸ್ತರ, ಯಾರ ಹಾಡ್ರಿ ಇದು?"

"ಐರ್ಲೆಂಡ್ ಅಂತ ದೇಶ ಅದ ಅವ್ವ, ಅಲ್ಲಿಯವರದು. ಹಾಡೋರು ಫಾದರ್‌ಗಳು."

"ಭಾಳ ಚಂದ ಹಾಡ್ಯಾರ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಖರೆ, ಅವರು ನಮ್ಮನಿಗೆ ಬಂದಿಲ್ಲಲ್ರಿ" ಎಂದಳು.

ನಾನು ಸುಮ್ಮನಿದ್ದೆ.

"ಅಂವ ಎಲ್ಲಿ? ಆರಾಮ ಅದಾನಿಲ್ಲೋ?"

"ಸ್ವಲ್ಪ ಜ್ವರ ಅವ್ವ" ಎಂದೆ. ಬಾಲಯೇಸುವಿನ ಹೆಸರು ಹೇಳಿಕೊಂಡು ಬಂದ ರಾತ್ರಿ ಕುರುಡು ಮುದುಕಿಗೆ ಸುಳ್ಳು ಹೇಳಿದೆ.

ಅವಳು ತಡವುತ್ತ ಒಳಗೆ ಹೋದಳು. ನಮಗೆಲ್ಲ ಚಹಾ ಕೊಡಿಸಿ, ಒಂದು ಬಟ್ಟೆಯ ಗಂಟು ನನ್ನ ಕೈಗಿಟ್ಟಳು. ಕರ್ಚಿಕಾಯಿ. "ಇದನ್ನ ಅವನಿಗೆ ಕೊಡ್ರಿ. ಜ್ವರ ಇಳಿದ ಮ್ಯಾಲೆ ತಿನ್ನಂತ ಹೇಳ್ರಿ. ಮುಂದಿನ ವರ್ಷ ನಾ ಇರತೀನೋ ಇಲ್ಲೋ" ಎಂದಳು.

ಮೂರನೆಯ ರಾತ್ರಿ ಗದ್ವಾಲದಲ್ಲಿ ಸ್ಪೀಕರ್ ಬಿಚ್ಚಿಸಿದೆ. ಇದ್ದಷ್ಟು ಜನ, ಇದ್ದ ದನಿಯಲ್ಲಿ ಹಾಡಿದೆವು. ಚೆನ್ನಾಗಿ ಬರಲಿಲ್ಲ. ಆದರೆ ಒಂದು ಮನೆಯಲ್ಲಿ ಯಜಮಾನರು ನಮ್ಮ ಜೊತೆ ತೆಲುಗಿನಲ್ಲಿ ದನಿಗೂಡಿಸಿದರು, ಅವರ ಸೊಸೆ ತಾಳ ಕೇಳಿ ತೆಗೆದುಕೊಂಡಳು. ಸ್ಪೀಕರ್ ಇದ್ದಾಗ ಯಾರಿಗೂ ತಾಳ ಕೇಳಬೇಕೆನಿಸಿರಲಿಲ್ಲ.

ಕ್ರಿಸ್ಮಸ್ ಮರುದಿನ ಗಂಟು ಹಿಡಿದು ಕಾಕಾನ ಮನೆಗೆ ಹೋದೆ. ಅವನು ಮಗ್ಗದಲ್ಲಿದ್ದ. ನನ್ನನ್ನು ನೋಡಿಯೂ ಲಾಳಿ ನಿಲ್ಲಿಸಲಿಲ್ಲ. ಅಜ್ಜಿ ಕೊಟ್ಟಳೆಂದು ಗಂಟು ಇಟ್ಟೆ. ಜ್ವರದ ಸುಳ್ಳನ್ನೂ ಹೇಳಿದೆ.

"ಜ್ವರ ಬಂದಿದ್ದು ನನಗಲ್ಲ ಬಿಡ್ರಿ ಮಾಸ್ತರ" ಎಂದ.

ತಪ್ಪಾಯಿತು ಎಂದೆ. ಅಷ್ಟು ಸಣ್ಣ ಮಾತು ಬಾಯಿಂದ ಬರಲು ನನಗೆ ಬಹಳ ಹೊತ್ತು ಹಿಡಿಯಿತು. ಕಾಕಾ ಮಗ್ಗದಿಂದ ಮೇಲೆದ್ದು ಬಂದು ಗಂಟು ಬಿಚ್ಚಿದ. ಎರಡು ಕರ್ಚಿಕಾಯಿ ನನ್ನ ಕೈಗೆ ಕೊಟ್ಟ. "ನನಗ ರಾಗ ತಪ್ಪತದ ಅಂತ ನನಗೂ ಗೊತ್ತದ. ಅವಳ ಗಂಡ ಹಂಗ ಹಾಡತಿದ್ದ. ಅವನ ಜೋಡಿ ಹಾಡಿ ಹಾಡಿ ನನಗೂ ಹಂಗ ಬಂತು" ಎಂದ. ಇಪ್ಪತ್ತೈದು ವರ್ಷ ಪಕ್ಕದಲ್ಲಿ ಕುಳಿತು ಹಾರ್ಮೋನಿಯಂ ನುಡಿಸಿದ ನನಗೆ ಇದು ಗೊತ್ತಿರಲಿಲ್ಲ. ನಾನು ಕೇಳಿರಲಿಲ್ಲ.

ಇದನ್ನೆಲ್ಲ ಹೊಸ ವರ್ಷದ ದಿನ ಫೋನಿನಲ್ಲಿ ಅಕ್ಕನ ಮಗಳಿಗೆ ಹೇಳಿದೆ. ಅವಳು ನಗಲಿಲ್ಲ. "ಮಾಮಾ, ನಾನು ಕಳಿಸಿದ್ದು ನೋಡಿ ಹಿಂಗಾತಲ್ಲ. ಐರ್ಲೆಂಡಿನ ಇನ್ನೊಂದು ಹಾಡಿನ ಗುಂಪು ನಿಮಗೆ ಹೇಳೇ ಇಲ್ಲ" ಎಂದು ಕಿಲ್ಮೋರ್ ಎಂಬ ಊರಿನ ಕಥೆ ಹೇಳಿದಳು.

ಕಿಲ್ಮೋರ್ ವೆಕ್ಸ್‌ಫರ್ಡ್ ಸೀಮೆಯ ಒಂದು ಸಣ್ಣ ಹಳ್ಳಿ. ಅಲ್ಲಿಯ ಸಂತ ಮರಿಯಮ್ಮನವರ ದೇವಾಲಯದಲ್ಲಿ ಕ್ರಿಸ್ಮಸ್ ದಿನದಿಂದ ಜನವರಿ 6ರ ಹಬ್ಬದವರೆಗಿನ ಪೂಜೆಗಳಲ್ಲಿ ಆರು ಮಂದಿ ಗಂಡಸರು ನಿಂತು ಹಾಡುತ್ತಾರೆ. ಮೂವರು ಒಂದು ಚರಣ ಹಾಡಿದರೆ ಉಳಿದ ಮೂವರು ಮುಂದಿನದು. ವಾದ್ಯವಿಲ್ಲ, ವೇದಿಕೆಯಿಲ್ಲ, ಟಿಕೆಟ್ಟಿಲ್ಲ. ಆ ಹಾಡುಗಳ ಮೂಲ ಬಹಳ ಹಳೆಯದು. ಕಥೋಲಿಕರ ಮೇಲೆ ಕಟ್ಟುಪಾಡುಗಳಿದ್ದ ಕಾಲದಲ್ಲಿ ಅಲ್ಲಿಯ ಧರ್ಮಾಧ್ಯಕ್ಷ ಲ್ಯೂಕ್ ವಾಡಿಂಗ್ 1684ರಲ್ಲಿ ಭಕ್ತಿಗೀತೆಗಳ ಸಣ್ಣ ಪುಸ್ತಕವೊಂದನ್ನು ದೂರದ ಗೆಂಟ್ ನಗರದಲ್ಲಿ ಅಚ್ಚು ಹಾಕಿಸಿದರು. 1728ರಲ್ಲಿ ಫಾದರ್ ವಿಲಿಯಂ ಡೆವರೊ ಇನ್ನಷ್ಟು ಹಾಡು ಸೇರಿಸಿ ಕೈಬರಹದ ಹೊತ್ತಗೆ ಮಾಡಿದರು. ಅಂದಿನಿಂದ ಹಳ್ಳಿಯ ಮನೆತನಗಳಲ್ಲಿ, ಅದರಲ್ಲೂ ಡೆವರೊ ಮನೆತನದಲ್ಲಿ, ಅಪ್ಪನಿಂದ ಮಗನಿಗೆ, ಕಿವಿಯಿಂದ ಕಿವಿಗೆ ಆ ರಾಗಗಳು ಇಳಿದು ಬಂದಿವೆ. ಆರು ಜನರಲ್ಲಿ ಒಬ್ಬ ತೀರಿಕೊಂಡರೆ, ಕೇಳಿ ಕೇಳಿ ಕಲಿತ ಇನ್ನೊಬ್ಬ ಆ ಜಾಗದಲ್ಲಿ ನಿಲ್ಲುತ್ತಾನೆ.

"ಅವರ ದನಿ ಹೆಂಗದ?" ಎಂದು ಕೇಳಿದೆ.

"ಡಿವಿಡಿಯವರ ಹಂಗಿಲ್ಲ ಮಾಮಾ. ನಮ್ಮ ಕಾಕಾನ ಹಂಗ ಅದ" ಎಂದಳು.

ಒಂದು ಮಾತು ಸ್ಪಷ್ಟ ಮಾಡಬೇಕು. ಊರೂರು ಸುತ್ತಿ ಹಾಡುವ ಆ ದೊಡ್ಡ ತಂಡಗಳನ್ನು ನಾನು ಕೀಳು ಮಾಡುತ್ತಿಲ್ಲ. ಅವರ ಹಿಂದೆ ವರ್ಷಗಟ್ಟಲೆ ಸಾಧನೆ ಇದೆ. ಮನೆ ಬಿಟ್ಟು ದೂರ ಬಂದವರ ಕಣ್ಣಲ್ಲಿ ಅವರ ಹಾಡು ನೀರು ತರಿಸುತ್ತದೆ. ಇಂದಿಗೂ ನಾನು ಆ ಮೂವರು ಗುರುಗಳ ಹಾಡು ಕೇಳುತ್ತೇನೆ, ಹುಡುಗರಿಗೂ ಕೇಳಿಸುತ್ತೇನೆ. ತಾಲೀಮು ಬಿಡುವಂತಿಲ್ಲ, ದೇವರ ಹಾಡನ್ನು ಉಡಾಫೆಯಿಂದ ಹಾಡಬಾರದು. ಆದರೆ ಆ ಗುರುಗಳು ಧರ್ಮಕೇಂದ್ರದ ಕೆಲಸ ಮೊದಲು ಎಂದದ್ದನ್ನು ನಾನು ಡಿವಿಡಿಯ ಕವರಿನ ಹೊಗಳಿಕೆಯಂತೆ ಓದಿದ್ದೆ, ನನಗೆ ಹೇಳಿದ ಮಾತು ಎಂದು ಓದಿರಲಿಲ್ಲ. ನನ್ನ ಪಾಲಿನ ಕೆಲಸ ಒಂದು ಕುರುಡು ಅಜ್ಜಿಯ ಬಾಗಿಲಾಗಿತ್ತು.

ಆಮೇಲೊಮ್ಮೆ ಪೂಜೆಗೆ ಬಂದ ಗುರುಗಳಿಗೆ ಇದನ್ನು ಹೇಳಿದಾಗ ಅವರು, 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ದೈವಾರಾಧನೆಯ ಸಂವಿಧಾನವನ್ನು ನೆನಪಿಸಿದರು. ಜನರು ಬರೀ ನೋಡುವವರಾಗಿ ಕೂರದೆ ತಾವೇ ಹಾಡಬೇಕು, ಉತ್ತರಿಸಬೇಕು, ಪಾಲ್ಗೊಳ್ಳಬೇಕು ಎಂಬುದು ಅದರ ಆಶಯ. ಆ ಬಾಗಿಲು ತೆರೆದದ್ದರಿಂದಲೇ ನಮ್ಮ ಪೂಜೆಗೆ ಕನ್ನಡ ಬಂತು, ಗದ್ವಾಲದವರಿಗೆ ತೆಲುಗು ಬಂತು. "ಮಾಸ್ತರೇ, ಅಷ್ಟು ಕಷ್ಟದಲ್ಲಿ ತೆರೆದ ಬಾಯಿಯನ್ನ ನೀವು ಮುಚ್ಚಿಸಿದಿರಿ ನೋಡಿ" ಎಂದು ನಕ್ಕರು. ನಗುತ್ತಲೇ ಹೇಳಿದರೂ ಚುಚ್ಚಿತು.

2012ರ ಡಿಸೆಂಬರಿನಲ್ಲಿ ಕಾಕಾ ಬಂದ. ನಾರಾಯಣಪೇಟೆ, ಮಕ್ತಲ್ ಎಲ್ಲ ಮನೆಗಳಲ್ಲೂ ಹಿಂದೆ ನಿಂತು, ದನಿ ತೆಗೆಯದೆ, ಬರೇ ಬಾಯಿ ಆಡಿಸಿದ. ಸಿಟ್ಟಿನಿಂದಲೋ, ವಿಧೇಯತೆಯಿಂದಲೋ ಇಂದಿಗೂ ನನಗೆ ತಿಳಿಯದು. ಅಜ್ಜಿಯ ಬಾಗಿಲು ಬಂದಾಗ ನಾನು ಹಾರ್ಮೋನಿಯಂ ಮುಚ್ಚಿ ಅವನ ಕಡೆ ನೋಡಿದೆ. ಅವನು ಮುಂದೆ ಬಂದು ಹಾಡಿದ. ಎರಡನೆಯ ಸಾಲಿನಲ್ಲಿ ದನಿ ಕೆಳಗೆ ಇಳಿಯಿತು. ಅಗುಳಿ ತೆಗೆದ ಸದ್ದು ಬಂತು. ನಮ್ಮ ಹುಡುಗರಲ್ಲಿ ಕೆಲವರು ಕಣ್ಣೊರೆಸಿಕೊಂಡರು. ನಾನು ಕತ್ತಲಲ್ಲಿದ್ದೆ, ನನ್ನದು ಯಾರಿಗೂ ಕಾಣಲಿಲ್ಲ.

ಅಜ್ಜಿ ಇನ್ನೆರಡು ಕ್ರಿಸ್ಮಸ್ ಕಂಡಳು. ಕೊರೋನಾದಿಂದ 2020ರಲ್ಲಿ ನಾವು ಯಾವ ಮನೆಗೂ ಹೋಗಲಿಲ್ಲ. 2021ರ ಬೇಸಿಗೆಯ ಎರಡನೆಯ ಅಲೆಯಲ್ಲಿ ಕಾಕಾ ಹೋದ. ಮಣ್ಣಿಗೆ ನಾಲ್ಕೇ ಜನ. ಹಾಡಲೂ ಆಗಲಿಲ್ಲ. ಮೂವತ್ತು ವರ್ಷ ಊರಿನ ಬಾಗಿಲುಗಳಲ್ಲಿ ಹಾಡಿದವನನ್ನು ಮೌನವಾಗಿ ಕಳಿಸಿದೆವು. ಅದೊಂದು ನೋವು ನಮ್ಮ ಗುಂಪಿನಲ್ಲಿ ಇನ್ನೂ ಉಳಿದಿದೆ.

ಕಳೆದ ಡಿಸೆಂಬರಿನ ತಾಲೀಮಿಗೆ ರಾಯಚೂರಿನಿಂದ ಮದುವೆಯಾಗಿ ಬಂದ ಹೊಸ ಸೊಸೆಯೊಬ್ಬಳು ಸೇರಿದಳು. ಸಂಗೀತ ಕಲಿತವಳು. ಹಾರ್ಮೋನಿಯಂ ಈಗ ಅವಳ ಕೈಯಲ್ಲಿ, ನನ್ನ ಬೆರಳು ಮೊದಲಿನಂತೆ ಓಡುವುದಿಲ್ಲ. ಕಾಕಾನ ಮೊಮ್ಮಗ, ಹನ್ನೆರಡರ ಹುಡುಗ, ಬಾಗಿಲು ತಟ್ಟುವ ಹಾಡು ಎತ್ತಿಕೊಂಡ. ಎರಡನೆಯ ಸಾಲಿನಲ್ಲಿ ಇಳಿದ. ಅವನ ಜೊತೆ ಉಳಿದ ಮಕ್ಕಳೂ ಇಳಿದರು.

"ನಿಲ್ಲಪ್ಪಾ, ಅಲ್ಲಿ ಮ್ಯಾಲೆ ಹೋಗಬೇಕು" ಎಂದು ಅವಳು ನಿಲ್ಲಿಸಿದಳು. ಪುಸ್ತಕದ ಪ್ರಕಾರ ಅವಳು ಹೇಳಿದ್ದು ಸರಿಯೇ.

ಹುಡುಗ ನನ್ನ ಮುಖ ನೋಡಿದ.

"ಇರಲಿ ಬಿಡವ್ವ" ಎಂದೆ. "ನಮ್ಮ ಊರಾಗ ಈ ಹಾಡು ಹಂಗೇ ಇಳಿತದ."

ಅವಳು ಒಂದು ಕ್ಷಣ ಯೋಚಿಸಿ, ಹಾರ್ಮೋನಿಯಂನಲ್ಲಿ ಆ ಇಳಿಯುವ ಸ್ವರವನ್ನು ಹುಡುಕಿ, ಹುಡುಗನಿಗೆ ಮತ್ತೆ ಶುರು ಮಾಡಲು ಹೇಳಿದಳು.

ಓದುಗರೇ, ಈ ಕ್ರಿಸ್ಮಸ್‌ಗೆ ನಿಮ್ಮ ಬಾಗಿಲಿಗೂ ಹಾಡುವವರು ಬಂದಾರು. ಗಂಟಲು ಕಟ್ಟಿದವರಿರಬಹುದು, ತಾಳ ತಪ್ಪಿದವರಿರಬಹುದು. ಬಾಗಿಲು ತೆರೆಯಿರಿ, ಎರಡು ಸಾಲು ಅವರ ಜೊತೆ ಹಾಡಿ. ಚಳಿಯಲ್ಲಿ ನಡೆದು ನಿಮ್ಮ ಮನೆಗೆ ಬಂದವರು ಅವರು.

ಎಲ್ಲರಿಗೂ ಕ್ರಿಸ್ತಜಯಂತಿಯ ಶುಭಾಶಯಗಳು.